12345654321

1234 ಕೋಟಿ 56 ಲಕ್ಷ 54 ಸಾವಿರದ 321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಈ ಬೆಸಸಂಖ್ಯೆ 111111ರ ವರ್ಗ. ಕನ್ನಡ ನಾಡಿನಲ್ಲಿ ಇದಕ್ಕೆ ಹನ್ನೊಂದು ಶತಮಾನಗಳಿಗೂ ಮೀರಿದ ಇತಿಹಾಸವಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇದು ಬರುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. 

ಮಹಾವೀರಾಚಾರ್ಯರು ಇದನ್ನು ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆಯೆಂದು ವರ್ಣಿಸುತ್ತಾರೆ. ಗುಣಾಕಾರದ ಲೆಕ್ಕಗಳ ನಡುವೆ ಇಂಥ ಹಲವು ಗುಣಲಬ್ಧಗಳನ್ನು ಅವರು ಕೊರಳ ಹಾರವೆಂದು ಕರೆದಿದ್ದಾರೆ: 12345679 × 9 = 111111111, 142857143 × 7 = 1000000001, 152207 × 73 = 11111111. ಪ್ರಸ್ತುತ ಸಂಖ್ಯೆಗೆ ಅವರು ಕೊಡುವ ಲೆಕ್ಕ 27994681 × 441. ಇದರಲ್ಲಿ 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ; 21 × 5291 = 111111. ಇಂಥ ಜೋಡಿ ಆಕಸ್ಮಿಕವಾಗಿ ಕೈಗೆ ಸಿಗುವುದಲ್ಲ. ಸಂಖ್ಯೆಯನ್ನು ಬಿಡಿಸಿ ನೋಡಿ, ಬೇಕಾದ ಹಾಗೆ ಮತ್ತೆ ಕಟ್ಟಿದವರಿಗೆ ಮಾತ್ರ ಸಾಧ್ಯ.

ಬಿಡಿಸಿದಾಗ 111111 = 3 × 7 × 11 × 13 × 37. ಈ ಐದೂ ಅವಿಭಾಜ್ಯಗಳಿಗೆ ಒಂದು ಸಮಾನ ಗುಣವಿದೆ. 1ನ್ನು ಇವುಗಳಿಂದ ಭಾಗಿಸಿದರೆ ದಶಮಾಂಶದಲ್ಲಿ ಮರುಕಳಿಸುವ ಅಂಕಿಗಳ ಸಂಖ್ಯೆ ಕ್ರಮವಾಗಿ 1, 6, 2, 6, 3. ಇವೆಲ್ಲವೂ 6ರ ಭಾಜಕಗಳು. ಆದ್ದರಿಂದಲೇ ಐದೂ 999999ನ್ನು ನಿಶ್ಶೇಷವಾಗಿ ಭಾಗಿಸುತ್ತವೆ. ಅದರ ಒಂಬತ್ತನೇ ಒಂದು ಭಾಗವೇ 111111.

ವರ್ಗ ಮಾಡಿದಾಗ ಪ್ರತಿ ಅವಿಭಾಜ್ಯವೂ ಎರಡು ಸಲ ಬರುವುದರಿಂದ 12345654321ಕ್ಕೆ 3⁵, ಅಂದರೆ 243 ಭಾಜಕಗಳಿವೆ. ಅವುಗಳಲ್ಲಿ ಸಂಖ್ಯೆಯನ್ನೇ ಬಿಟ್ಟು ಉಳಿದವನ್ನು ಕೂಡಿದರೆ 13029870672. ಇದು ಮೂಲ ಸಂಖ್ಯೆಗಿಂತ ದೊಡ್ಡದು. ಹೀಗೆ ಭಾಜಕಗಳ ಮೊತ್ತ ತನ್ನನ್ನೇ ಮೀರುವ ಸಂಖ್ಯೆಗಳು ಸಮಗಳಲ್ಲಿ 12ರಿಂದಲೇ ಸಿಗುತ್ತವೆ, ಬೆಸಗಳಲ್ಲಿ ವಿರಳ; ಮೊದಲನೆಯದು ಸಿಗಬೇಕಾದರೆ 945ರವರೆಗೆ ಕಾಯಬೇಕು. ಈ ಸಂಖ್ಯೆಯ ಎಲ್ಲ ಗುಣಗಳಲ್ಲಿ ಹೆಚ್ಚು ಬೆಲೆಯುಳ್ಳದ್ದು ಇದೇ. ಅಂಕಿಗಳ ಮೊತ್ತ 36, ಅದೂ ವರ್ಗ.

ಒಂದುಗಳಿಂದಲೇ ಆದ ಸಂಖ್ಯೆಯ ವರ್ಗದಲ್ಲಿ ಕಾಣುವ ಏರಿಳಿತದ ಈ ವಿನ್ಯಾಸ ಒಂಬತ್ತು ಒಂದುಗಳವರೆಗೆ ಮಾತ್ರ ಉಳಿಯುತ್ತದೆ. ಹತ್ತು ಒಂದುಗಳ ವರ್ಗದಲ್ಲಿ ನಡುವಿನ ಮೊತ್ತ 10 ಆಗಿ ದಶಕ ಎಡಕ್ಕೆ ಸರಿಯುತ್ತದೆ, ಉತ್ತರ 1234567900987654321.

‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದ್ರಾಸಿನಿಂದ ಪ್ರಕಟಿಸಿದರು. ಅವಿಭಾಜ್ಯ ಅಪವರ್ತನಗಳನ್ನು ಹತ್ತನೇ ತರಗತಿಯಲ್ಲಿ ಕಲಿಸುವಾಗ, ಮಳಖೇಡವಿರುವ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಾದರೂ 27994681 × 441 ಎಂಬ ಲೆಕ್ಕ ಕಪ್ಪು ಹಲಗೆಯ ಮೇಲೆ ಬರಬೇಕು.