ಎಲ್ಲಿ ಸಿಕ್ಕಿತು?

ದಾಬಸ್‌ಪೇಟೆಯಲ್ಲಿ ನಮ್ಮಪ್ಪನದು ಗುಜರಿ ಅಂಗಡಿ. ಸುತ್ತಲ ಹಳ್ಳಿಗಳಿಂದ ತೂತುಬಿದ್ದ ಹಂಡೆ, ಸವೆದ ಲಾಳ, ಮುರಿದ ನೇಗಿಲ ಗುಳ ಗೋಣಿಚೀಲದಲ್ಲಿ ಬಂದು ಬೀಳುತ್ತಿದ್ದವು. ತಾಮ್ರ ಬೇರೆ, ಹಿತ್ತಾಳೆ ಬೇರೆ ಮಾಡುವುದು ನನ್ನ ಕೆಲಸ. ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಚೀಲದ ತಳದಲ್ಲಿ ಹಸಿರುಗಟ್ಟಿದ ದಪ್ಪ ಬಿಲ್ಲೆ ಸಿಕ್ಕಿತು. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಆನೆಯೇನೋ ಹೊಳೆಯಿತು, ಹಿಂಬದಿಯ ಅಕ್ಷರ ಮಾತ್ರ ಅಳಿಸಿಹೋದವು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಅದು ಟಿಪ್ಪು ಕಾಲದ ಆನೆಕಾಸು. ಅಂದು ಹಿಡಿದ ಹುಚ್ಚು ನಲವತ್ತು ವರ್ಷವಾದರೂ ಬಿಟ್ಟಿಲ್ಲ. ಟಿಪ್ಪು ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ‘ಮಯಿಲಿ ಕಾಸು’ ಕೈಸೇರಿತು. ಒಂದೇ ಕಾಸಿನ ಮೇಲೆ ಕನ್ನಡವೂ ಇಂಗ್ಲಿಷೂ. ಆಮೇಲೆ 1835ರ ಕಂಪನಿ ಕಾಲಾಣೆ. ಮೂರು ಆಳ್ವಿಕೆಯ ಕಾಸು ಒಂದೇ ಊರಿನ ಗುಜರಿಗೆ ಹೇಗೆ ಬಂತು? ಬೆಂಗಳೂರಿನಿಂದ ತುಮಕೂರಿಗೆ ಹೋಗುವ ದಾರಿ ನಮ್ಮದು. ಮೈಸೂರಿನ ಕಮಿಷನರ್ ಕಬ್ಬನ್ನರ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ಡಾಬ್ಸ್ ಸಾಹೇಬರ ಹೆಸರೇ ಈ ಪೇಟೆಗೆ. ಗಾಡಿ ಹೊಡೆಯುವವರ ಹರಿದ ಚೀಲದಿಂದ ಎಷ್ಟು ಕಾಸು ಈ ಮಣ್ಣಿಗೆ ಬಿದ್ದಿವೆಯೋ!

ಹೋದ ವರ್ಷ ಊರಿನ ಹುಡುಗನೊಬ್ಬ ಲೋಹಶೋಧಕ ತರಿಸಿಕೊಂಡು ಬಂದ. “ಶಿವಗಂಗೆ ತಪ್ಪಲಿಗೆ ಹೋಗಾಣ ಬಾ ಮಾವ, ಕೆಂಪೇಗೌಡರ ಭಂಡಾರ ಇತ್ತಂತಲ್ಲ” ಅಂದ. ಯಂತ್ರದ ಮೇಲೆ ನನಗೆ ಕೋಪವಿಲ್ಲ. ಸುರುಳಿಯಲ್ಲಿ ವಿದ್ಯುತ್ ಹರಿಸಿ, ಮಣ್ಣೊಳಗಿನ ಲೋಹ ಮರುನುಡಿದಾಗ ಕೂಗುವ ಉಪಾಯ ಅದು. 1881ರಲ್ಲಿ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಮೈಯೊಳಗಿನ ಗುಂಡು ಹುಡುಕಲು ಗ್ರಹಾಂ ಬೆಲ್ ಇಂಥದೇ ಯಂತ್ರ ಹಿಡಿದು ಹೋಗಿದ್ದರು. ಇಂಗ್ಲೆಂಡಿನ ಹೊಲಗಳಲ್ಲಿ ಅದೊಂದು ದೊಡ್ಡ ಹವ್ಯಾಸ. ನಮ್ಮಲ್ಲಿ ಮಾತ್ರ ‘ನಿಧಿ’ ಎಂದೊಡನೆ ಗುದ್ದಲಿ ಏಳುತ್ತದೆ, ಹಾಳುಗುಡಿಯ ಬಸವನ ಬುಡ ಅಗೆದು ಮಗುಚಿ ಹೋಗುತ್ತಾರೆ. ಅಂಥ ಬಸವನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಡುಗನ ಜೊತೆ ಹೋಗಲಿಲ್ಲ.

ನೆಲದೊಳಗಿನದು ಯಾರದೆಂಬ ಪ್ರಶ್ನೆ ನಮಗೆ ಹೊಸದಲ್ಲ. ಹಳೆಯ ದಾನಶಾಸನಗಳು ಭೂಮಿ ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಎಂಟು ಭೋಗಗಳನ್ನು ಹೆಸರಿಸಿ ಕೊಡುತ್ತಿದ್ದವು. ಹೊಲದ ಜೊತೆ ಹೊಲದೊಳಗಿನ ಹೊನ್ನೂ ದಾನ ಪಡೆದವನದು. ಬ್ರಿಟಿಷರ 1878ರ ನಿಧಿ ಕಾಯ್ದೆ ಈ ಲೆಕ್ಕ ಬದಲಿಸಿತು: ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ನಮ್ಮ ರಾಜ್ಯದ ನಿಧಿ ಕಾಯ್ದೆ ಬಂದದ್ದು 1962ರಲ್ಲಿ.

ಹುಡುಗನಿಗೆ ಯಶವಂತಪುರದ ಕಥೆ ಹೇಳಿದೆ. 1891ರಲ್ಲಿ ಅಲ್ಲಿ ರೈಲು ಕೆಲಸಕ್ಕೆ ಮಣ್ಣು ತೆಗೆಯುವಾಗ ಮಡಕೆಯೊಂದು ಸಿಕ್ಕಿತು. ಒಳಗೆ 163 ರೋಮನ್ ಬೆಳ್ಳಿ ನಾಣ್ಯ, ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ದೊರೆಗಳವು. ಎಲ್ಲಿ, ಹೇಗೆ, ಎಷ್ಟು ಸಿಕ್ಕಿತೆಂದು ಆಗಲೇ ಬರೆದಿಟ್ಟರು. ಹಾಗಾಗಿ ಎರಡು ಸಾವಿರ ವರ್ಷದ ಹಿಂದೆ ರೋಮಿನ ಹಣ ಬೆಂಗಳೂರಿನ ನೆಲದವರೆಗೆ ಬಂದಿತ್ತೆಂದು ಇವತ್ತು ಹೇಳಬಹುದು. ಅದೇ ಮಡಕೆ ಯಾರದೋ ಕೈಗೆ ಸಿಕ್ಕಿ ಕರಗಿದ್ದರೆ ನಾಲ್ಕು ಕಾಲ್ಬಳೆ ಆಗುತ್ತಿತ್ತು. ನನ್ನ ಮೊದಲ ಆನೆಕಾಸಿಗೂ ಊರಿಲ್ಲ. ಆ ಚೀಲ ಯಾವ ಹಳ್ಳಿಯದೆಂದು ಅಪ್ಪನನ್ನು ಕೇಳಬೇಕೆಂದು ಆ ದಿನ ನನಗೆ ತೋಚಲಿಲ್ಲ.

ಈಗ ಯಾರು ಕಾಸು ತಂದರೂ ಬೆಲೆಗೆ ಮೊದಲು ಜಾಗ ಕೇಳುತ್ತೇನೆ. ಮೊನ್ನೆ ಸೋಂಪುರದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಸವೆದ ಕಾಸೊಂದನ್ನು ಅಂಗೈಗೆ ಹಾಕಿದರು. ತೊಳೆಯಲಿಲ್ಲ, ತಿಕ್ಕಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದೆ: ಕೆರೆ ಏರಿ ಕೆಳಗಿನ ರಾಗಿ ಹೊಲ, ಮೂಡಣ ಬದು, ಬೇವಿನ ಮರದಿಂದ ಹನ್ನೆರಡು ಮಾರು, ಮುಂಗಾರಿನ ಮೊದಲ ಉಳುಮೆ.