ಬಾಯಿ ತೆರೆಯುವ ಮೊದಲು

"ಇನ್ನೂ ಬಾಯಿ ತೆರೆದಿಲ್ಲ, ಕಾಯಬೇಕು." ಹೆರಿಗೆ ವಾರ್ಡಿನ ಹೊರಗೆ ಕೂತವರು ಒಮ್ಮೆಯಾದರೂ ಕೇಳಿದ ಮಾತಿದು. ನಮ್ಮ ಕಾಸರಗೋಡಿನ ಕಡೆ ಇದನ್ನು ಕೇಳಿದ ಕೂಡಲೇ ಹಿರಿಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಈಗಿನ ಹುಡುಗಿಯರಿಗೆ ತ್ರಾಣವೇ ಇಲ್ಲ ಎಂದು ಯಾರಾದರೂ ಹೇಳಿಯೂ ಬಿಡುತ್ತಾರೆ. ಆ ಮಾತು ಎಷ್ಟು ತಪ್ಪು ಎಂದು ತಿಳಿಯಲು ವೈದ್ಯರಿಗೇ ಬಹಳ ಕಾಲ ಹಿಡಿಯಿತು. ಸಂತಾನೋತ್ಪತ್ತಿಯ ಪಾಠ ಬಂದಾಗ "ಮನೆಯಲ್ಲಿ ಓದಿಕೊಳ್ಳಿ" ಎಂದು ದಾಟಿಸಿಬಿಡುವ ನಾವು ಮಾಷ್ಟ್ರು, ಟೀಚರುಗಳು ಕೂಡ ಈ ಕಥೆ ಹೇಳಿದವರಲ್ಲ.

ಗರ್ಭಕೋಶದ ಕೆಳತುದಿಯಲ್ಲಿ ಮೂರು ನಾಲ್ಕು ಸೆಂ.ಮೀ. ಉದ್ದದ ಕೊರಳಿದೆ, ಅದೇ ಗರ್ಭಕಂಠ. ಒಂಬತ್ತು ತಿಂಗಳು ಬಿಗಿಯಾಗಿ ಮುಚ್ಚಿರಬೇಕು, ಹೆರಿಗೆಯ ಹೊತ್ತಿಗೆ 10 ಸೆಂ.ಮೀ. ಅಗಲ ತೆರೆಯಬೇಕು. 19ನೇ ಶತಮಾನದಲ್ಲಿ ಅಮೆರಿಕದ ವೈದ್ಯ ವಿಲಿಯಂ ಗುಡೆಲ್ ಒಂದು ಸುಲಭದ ಗುರುತು ಕೊಟ್ಟರು: ಗರ್ಭವಿಲ್ಲದಾಗ ಅದು ಮೂಗಿನ ತುದಿಯಂತೆ ಗಟ್ಟಿ, ಗರ್ಭ ನಿಂತಾಗ ತುಟಿಯಂತೆ ಮೃದು. (ಮೂಗು, ತುಟಿ ಮುಟ್ಟಿ ನೋಡಿಕೊಳ್ಳಿ, ತಿಳಿಯುತ್ತದೆ!)

ಯಾಕೆ ಮೃದುವಾಗುತ್ತದೆ? ಕಂಠವೂ ಮುಖ್ಯವಾಗಿ ಸ್ನಾಯುವೇ ಎಂದು ಬಹಳ ಕಾಲ ನಂಬಿದ್ದರು. 1947ರಲ್ಲಿ ಡೇವಿಡ್ ಡ್ಯಾನ್‌ಫೋರ್ತ್ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿರುವುದು ಹೆಚ್ಚಾಗಿ ನಾರು, ಅಂದರೆ ಕೊಲಾಜೆನ್, ಎಂದು ತೋರಿಸಿದರು. ಸ್ನಾಯು ಸ್ವಲ್ಪವೇ, ಕೆಳಕ್ಕೆ ಹೋದಂತೆ ಇನ್ನೂ ಕಡಿಮೆ. ನಾರಿನ ಹುರಿಯನ್ನು ಬರೀ ಎಳೆದರೆ ಬಿಚ್ಚಿಕೊಳ್ಳುವುದಿಲ್ಲವಲ್ಲ! 1960ರಲ್ಲಿ ಅವರೂ ಸಂಗಡಿಗರೂ ಹೆರಿಗೆಯ ಹೊತ್ತಿಗೆ ಆ ನಾರಿನ ಕಟ್ಟುಗಳು ಸಡಿಲವಾಗಿರುವುದನ್ನು ವಿವರಿಸಿದರು.

ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸುವುದು ಸುಲಭ. ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕುತ್ತಾರೆ. ನಾರು ಕರಗುವುದಿಲ್ಲ, ನಾರನ್ನು ಹಿಡಿದಿಟ್ಟ ಅಂಟು ಬಿಡುತ್ತದೆ. ಅಲ್ಲಿ ಅಂಟು ಕೊಳೆಯುತ್ತದೆ, ಇಲ್ಲಿ ಕೊಳೆಯುವ ಮಾತಿಲ್ಲ, ಅಷ್ಟು ವ್ಯತ್ಯಾಸ. ಕಂಠದಲ್ಲಿ ಹೊಸದಾಗಿ ಹುಟ್ಟುವ ಕೊಲಾಜೆನ್ ಎಳೆಗಳ ನಡುವೆ ಬೆಸುಗೆ ಕಡಿಮೆ. ಕೊನೆಗೆ ನೀರು ಹಿಡಿದಿಡುವ ಹೈಯಲುರೊನಾನ್ ಹೆಚ್ಚಿ ಎಳೆಗಳು ದೂರ ಸರಿಯುತ್ತವೆ. ಈ ಕೆಲಸ ನೋವು ಬರುವ ದಿನ ಶುರುವಾಗುವುದಲ್ಲ, ಗರ್ಭದ ಮೊದಲ ತಿಂಗಳುಗಳಿಂದಲೇ ನಡೆದಿರುತ್ತದೆ. ಬೇಗ ಮುಗಿದರೆ ಅಕಾಲ ಹೆರಿಗೆಯ ಭಯ.

1964ರಲ್ಲಿ ಎಡ್ವರ್ಡ್ ಬಿಷಪ್ ಇದಕ್ಕೆ ಅಂಕ ಕೊಡುವ ಕ್ರಮ ಮಾಡಿದರು. ಒಟ್ಟು 13 ಅಂಕ. ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಮೃದುವೋ ಗಟ್ಟಿಯೋ, ಯಾವ ಕಡೆ ತಿರುಗಿದೆ, ಮಗುವಿನ ತಲೆ ಎಷ್ಟು ಇಳಿದಿದೆ ಎಂದು ನೋಡುವುದು. ಅಂಕ ಕಡಿಮೆಯಾದರೆ ಫೇಲ್ ಅಲ್ಲ, ಇನ್ನೂ ಹದವಾಗಿಲ್ಲ ಎಂದಷ್ಟೇ ಅರ್ಥ. ನಮ್ಮ ಶಾಲೆಗಳಲ್ಲೂ ಅಂಕಕ್ಕೆ ಹೀಗೆ ಅರ್ಥ ಹೇಳುವಂತಿದ್ದರೆ!

ಹದ ಮಾಡುವ ಔಷಧಿ ಪ್ರಾಸ್ಟಗ್ಲಾಂಡಿನ್. 1935ರಲ್ಲಿ ಹೆಸರಿಟ್ಟ ಸ್ವೀಡನ್ನಿನ ಫಾನ್ ಆಯ್ಲರ್ ಅದು ಗಂಡಸಿನ ಪ್ರಾಸ್ಟೇಟ್ ಗ್ರಂಥಿಯದ್ದೆಂದು ಭಾವಿಸಿದ್ದರು. 1968ರಲ್ಲಿ ಉಗಾಂಡದ ಕಂಪಾಲದಲ್ಲಿದ್ದ ಸುಲ್ತಾನ್ ಕರೀಂ ಅದರಿಂದ ಹೆರಿಗೆ ನೋವು ಬರಿಸಿದ ವರದಿ ಪ್ರಕಟಿಸಿದರು. ಆಮೇಲೆ ಕಂಠವನ್ನೇ ಮೃದು ಮಾಡುವ ಜೆಲ್ ಬಂತು.

ಹೆರಿಗೆಯಾದ ಮೇಲೆ ಕಂಠ ಕೆಲವು ವಾರಗಳಲ್ಲಿ ಮತ್ತೆ ಬಿಗಿಯಾಗುತ್ತದೆ. ಆದರೆ ಮೊದಲು ದುಂಡಗಿದ್ದ ಬಾಯಿ ಸಹಜ ಹೆರಿಗೆಯ ಬಳಿಕ ಸಾಮಾನ್ಯವಾಗಿ ಅಡ್ಡ ಸೀಳಿನಂತೆ ಉಳಿಯುತ್ತದೆ.