ಹೃದಯದ ಅಪಾಯ: ಲೆಕ್ಕದ ದಾರಿ, ಊಟದ ದಾರಿ

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಸಾವುಗಳಲ್ಲಿ ಅಸಹಜ ಏರಿಕೆಯಿಲ್ಲ, ಸತ್ತವರಲ್ಲಿ ಹೆಚ್ಚಿನವರಿಗೆ ರಕ್ತದೊತ್ತಡ, ಮಧುಮೇಹ, ಧೂಮಪಾನದಂಥ ಹಳೆಯ ಕಾರಣಗಳೇ ಇದ್ದವು ಎಂದಿತು. ಸಾಲಿನಲ್ಲಿ ನಿಂತವರಿಗೆ ಬೇಕಾಗಿದ್ದದ್ದು ಬೇರೆ ಉತ್ತರ: ಮುಂದಿನ ಸರದಿ ನನ್ನದೇ? ಈ ಪ್ರಶ್ನೆಯ ಬೆನ್ನು ಹತ್ತಿ ವೈದ್ಯಶಾಸ್ತ್ರ ಮುಕ್ಕಾಲು ಶತಮಾನ ಕಳೆದಿದೆ. ಅದೇ ಅವಧಿಯಲ್ಲಿ, ಏನು ತಿಂದರೆ ಈ ರೋಗ ದೂರವಾದೀತು ಎಂಬ ಇನ್ನೊಂದು ಶೋಧವೂ ನಡೆದಿದೆ. ಎರಡೂ ಬೇರೆ ಬೇರೆ ದಾರಿ ಹಿಡಿದು ಬೆಳೆದವು. ಅವುಗಳನ್ನು ಜೋಡಿಸುವಾಗ ನಾವೊಂದು ತಪ್ಪು ಮಾಡುತ್ತಿದ್ದೇವೆ ಎಂಬುದು ನನ್ನ ವಾದ. ಲೆಕ್ಕದಲ್ಲಿ ಅಪಾಯ ಕಂಡವರಿಗೆ ಮಾತ್ರ ಪಥ್ಯ, ಉಳಿದವರು ನಿಶ್ಚಿಂತೆಯಿಂದ ಉಣ್ಣಬಹುದು ಎಂಬ ನಂಬಿಕೆಗೆ ಆಧಾರವಿಲ್ಲ.

ಲೆಕ್ಕದ ಕಥೆ ಶುರುವಾಗುವುದು ಅಮೆರಿಕದಲ್ಲಿ. ಅಧ್ಯಕ್ಷ ರೂಸ್‌ವೆಲ್ಟ್ 1945ರ ಏಪ್ರಿಲ್‌ನಲ್ಲಿ ಮಿದುಳಿನ ರಕ್ತಸ್ರಾವದಿಂದ ಸತ್ತಾಗ ಅವರ ರಕ್ತದೊತ್ತಡ 300/190 ಇತ್ತು. ವಯಸ್ಸಾದಂತೆ ಒತ್ತಡ ಏರುವುದು ಸಹಜ ಎಂದು ವೈದ್ಯರೇ ನಂಬಿದ್ದ ಕಾಲ ಅದು. ಮೂರು ವರ್ಷದ ಬಳಿಕ, 1948ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ 5,209 ಜನರನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾ ಹೋಗುವ ಅಧ್ಯಯನ ಆರಂಭವಾಯಿತು. ಯಾರಿಗೆ ಕಾಯಿಲೆ ಬಂತು ಎಂದು ನೋಡಿ, ಅವರ ಹಿಂದಿನ ದಾಖಲೆಗಳಲ್ಲಿ ಏನಿತ್ತು ಎಂದು ಹುಡುಕುವುದೇ ಅದರ ವಿಧಾನ. 1961ರ ಹೊತ್ತಿಗೆ ವಿಲಿಯಂ ಕ್ಯಾನೆಲ್ ಮತ್ತು ಸಂಗಡಿಗರು ರಕ್ತದೊತ್ತಡ, ಕೊಲೆಸ್ಟರಾಲ್ ಮೊದಲಾದವುಗಳ ಕಡೆ ಬೆರಳು ತೋರಿಸಿದರು. 1967ರಲ್ಲಿ ಇವೆಲ್ಲವನ್ನೂ ಒಂದೇ ಸಮೀಕರಣದೊಳಗೆ ತಂದದ್ದಾಯಿತು. 1998ರಲ್ಲಿ ಯಾವ ವೈದ್ಯರಾದರೂ ಕಾಗದದ ಮೇಲೆ ಕೂಡಿಸಿ ಹತ್ತು ವರ್ಷದ ಅಪಾಯ ಹೇಳಬಹುದಾದ ಅಂಕಪಟ್ಟಿ ಬಂತು. ಆಗ ಎದ್ದ ತೊಡಕು, ಈ ಅಂಕ ಹುಟ್ಟಿದ್ದು ಬಹುತೇಕ ಬಿಳಿಯರೇ ಇದ್ದ ಒಂದು ಊರಿನಲ್ಲಿ ಎಂಬುದು. ಯುರೋಪು 2003ರಲ್ಲಿ ತನ್ನದೇ ಪಟ್ಟಿ ಮಾಡಿಕೊಂಡಿತು. ಬ್ರಿಟನ್ನಿನ ಕ್ಯೂರಿಸ್ಕ್, ಭಾರತೀಯ ಮೂಲದವರಿಗೆ ಅಪಾಯ ಹೆಚ್ಚೆಂಬುದನ್ನು ಲೆಕ್ಕಕ್ಕೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಜಗತ್ತನ್ನು 21 ವಲಯಗಳಾಗಿ ಹಂಚಿ ಹೊಸ ಪಟ್ಟಿ ಹೊರತಂದಿತು.

ಆ ಪಟ್ಟಿಯನ್ನೊಮ್ಮೆ ಹತ್ತಿರದಿಂದ ನೋಡಿ. ಗಂಡು–ಹೆಣ್ಣು, ಬೀಡಿ ಸಿಗರೇಟು ಸೇದುವವರು–ಸೇದದವರು, ಮಧುಮೇಹ ಇದ್ದವರು–ಇಲ್ಲದವರು ಎಂದು ಬಣ್ಣದ ಚೌಕಗಳು. ಅಡ್ಡಕ್ಕೆ ಕೊಲೆಸ್ಟರಾಲ್, ಉದ್ದಕ್ಕೆ ರಕ್ತದೊತ್ತಡ. ಅಪಾಯ ಹೆಚ್ಚಿದಂತೆ ಹಸಿರು ಕೆಂಪಿಗೆ ತಿರುಗುತ್ತದೆ. ಆದರೆ ಮೊದಲ ಚೌಕವೇ ಆರಂಭವಾಗುವುದು 40ನೇ ವಯಸ್ಸಿಗೆ. 38 ವರ್ಷದ, ದಿನಕ್ಕೊಂದು ಪ್ಯಾಕ್ ಸೇದುವ ಚಾಲಕನಿಗೆ ಅಲ್ಲಿ ಜಾಗವೇ ಇಲ್ಲ. ನಮಗಿದು ಸಣ್ಣ ಕೊರತೆಯಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53. ಬೇರೆಡೆ ಸುಮಾರು 59. ಜಯದೇವ ಸಂಸ್ಥೆಯಂತೂ 40ರೊಳಗಿನ ರೋಗಿಗಳಿಗೆಂದೇ ಪ್ರತ್ಯೇಕ ದಾಖಲಾತಿ ತೆರೆಯಬೇಕಾಯಿತು. ಈ ಲೆಕ್ಕಗಳಲ್ಲಿ ವಯಸ್ಸಿನ ತೂಕವೇ ಎಲ್ಲಕ್ಕಿಂತ ಹೆಚ್ಚು. ಹೀಗಾಗಿ ಕಿರಿಯರಿಗೆ ಸಿಗುವ ಹಸಿರು ಚೌಕ ಬಹಳ ಸಲ ಆರೋಗ್ಯದ ಗುರುತಲ್ಲ, ವಯಸ್ಸಿನ ಗುರುತು ಅಷ್ಟೆ.

ಬಳಕೆಯಲ್ಲಿರುವ ಹೆಚ್ಚಿನ ಪಟ್ಟಿಗಳು ನೀವು ಏನು ಉಣ್ಣುತ್ತೀರಿ ಎಂದು ಕೇಳುವುದೂ ಇಲ್ಲ. ಅದಕ್ಕೆ ಸಕಾರಣವಿದೆ. ಊಟದ ಪರಿಣಾಮ ಬಹುಪಾಲು ಒತ್ತಡ, ಕೊಲೆಸ್ಟರಾಲ್, ಸಕ್ಕರೆಗಳ ಮೂಲಕವೇ ಕೆಲಸ ಮಾಡುತ್ತದೆ, ಅವನ್ನು ಅಳೆಯಬಹುದು. ಕಳೆದ ವಾರ ಎಷ್ಟು ಹಪ್ಪಳ ತಿಂದಿರಿ ಎಂದರೆ ಯಾರೂ ಸರಿಯಾಗಿ ಹೇಳಲಾರರು. ಆಹಾರ ಸಂಶೋಧನೆ ಎಡವಿದ್ದೂ ಇದೇ ಕಲ್ಲಿಗೆ. ಆನ್ಸೆಲ್ ಕೀಸ್ 1958ರಲ್ಲಿ ಶುರುಮಾಡಿದ ಏಳು ದೇಶಗಳ ಅಧ್ಯಯನ ಬೆಣ್ಣೆ, ಕೊಬ್ಬಿದ ಮಾಂಸದ ಜಿಡ್ಡಿನ ಮೇಲೆ ಆರೋಪ ಹೊರಿಸಿತು. ಆ ಏಳರಲ್ಲಿ ಭಾರತ ಇರಲಿಲ್ಲ. 1967ರಲ್ಲಿ ಎಸ್. ಎಲ್. ಮಲ್ಹೋತ್ರ ಎಂಬ ವೈದ್ಯರು ನಮ್ಮ ರೈಲ್ವೆ ನೌಕರರ ದಾಖಲೆ ತೆಗೆದು ನೋಡಿದರೆ, ತುಪ್ಪ ಹಾಲು ಧಾರಾಳವಾಗಿದ್ದ ಉತ್ತರದವರಿಗಿಂತ ಅನ್ನ ಉಣ್ಣುವ ದಕ್ಷಿಣದವರಲ್ಲಿ ಈ ರೋಗ ಹಲವು ಪಟ್ಟು ಹೆಚ್ಚಿತ್ತು. ದಾಖಲೆಗಳನ್ನು ಹೋಲಿಸಿ ಕಾರಣ ಸಾಬೀತು ಮಾಡಲಾಗದು, ನಿಜ; ಆದರೂ ಜಿಡ್ಡೊಂದೇ ಖಳನಾಯಕ ಎಂಬ ಕಥೆಗೆ ಅಂದೇ ಬಿರುಕು ಬಿದ್ದಿತ್ತು. 2006ರಲ್ಲಿ ಸುಮಾರು 49 ಸಾವಿರ ಅಮೆರಿಕನ್ ಮಹಿಳೆಯರ ಪ್ರಯೋಗದ ಫಲಿತಾಂಶ ಬಂದಾಗ, ಒಟ್ಟು ಜಿಡ್ಡು ಕಡಿಮೆ ಮಾಡಿದವರಿಗೆ ಹೃದ್ರೋಗ ಕಡಿಮೆಯಾಗಿರಲಿಲ್ಲ.

ಹಾಗಾದರೆ ಆಹಾರತಜ್ಞರ ಮಾತು ದಿನಕ್ಕೊಂದು ಬಗೆಯಲ್ಲವೇ, ನಂಬುವುದು ಹೇಗೆ ಎಂಬ ಆಕ್ಷೇಪ ಸಹಜ. ಸ್ಪೇನಿನ ಪ್ರೆಡಿಮೆಡ್ ಪ್ರಯೋಗವನ್ನೇ ನೋಡಿ. ಆಲಿವ್ ಎಣ್ಣೆ, ಬೀಜಗಳ ಊಟ ಹೃದಯದ ಗಂಡಾಂತರವನ್ನು ಸುಮಾರು ಶೇಕಡಾ 30ರಷ್ಟು ತಗ್ಗಿಸಿತೆಂದು 2013ರಲ್ಲಿ ಪ್ರಕಟವಾಯಿತು. ಜನರನ್ನು ಗುಂಪುಗಳಿಗೆ ಹಂಚಿದ್ದರಲ್ಲಿ ಲೋಪ ಕಂಡು 2018ರಲ್ಲಿ ಲೇಖಕರೇ ಹಿಂತೆಗೆದು ಮರುಪ್ರಕಟಿಸಿದರು. ಫಲಿತಾಂಶ ಹೆಚ್ಚೇನೂ ಬದಲಾಗಲಿಲ್ಲ, ಆದರೆ ಅದರ ಖಚಿತತೆ ಕುಗ್ಗಿತು. ಒಂದೊಂದೇ ಆಹಾರದ ಗುಣಗಾನಕ್ಕೆ ನಾನೂ ಬೆಲೆ ಕೊಡುವುದಿಲ್ಲ. ಆದರೆ ಇಡೀ ಊಟದ ಮತ್ತು ಉಪ್ಪಿನ ವಿಷಯ ಹಾಗಲ್ಲ. 1997ರ ಡ್ಯಾಶ್ ಪ್ರಯೋಗದಲ್ಲಿ ಉಪ್ಪನ್ನೂ ತೂಕವನ್ನೂ ಬದಲಿಸದೆ, ಹಣ್ಣು, ತರಕಾರಿ, ಕೆನೆ ತೆಗೆದ ಹಾಲಿನ ಊಟದಿಂದಲೇ ಒತ್ತಡ ಇಳಿಯಿತು; ಮುಂದಿನ ಪ್ರಯೋಗದಲ್ಲಿ ಉಪ್ಪನ್ನೂ ತಗ್ಗಿಸಿದಾಗ ಇನ್ನಷ್ಟು ಇಳಿಯಿತು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಮಂದಿ, ಪಾರ್ಶ್ವವಾಯು ಆಗಿದ್ದವರು ಇಲ್ಲವೇ ಅಧಿಕ ಒತ್ತಡವಿದ್ದ ವೃದ್ಧರು, ಪ್ರಯೋಗದಲ್ಲಿ ಪಾಲುಗೊಂಡರು. ಅರ್ಧ ಹಳ್ಳಿಗಳಲ್ಲಿ ಅಡುಗೆ ಉಪ್ಪಿನ ಕಾಲು ಭಾಗವನ್ನು ಪೊಟ್ಯಾಸಿಯಂ ಕ್ಲೋರೈಡ್‌ನಿಂದ ಬದಲಿಸಲಾಯಿತು. 2021ರಲ್ಲಿ ಬಂದ ಫಲಿತಾಂಶದಲ್ಲಿ ಪಾರ್ಶ್ವವಾಯು ಶೇಕಡಾ 14, ಸಾವು ಶೇಕಡಾ 12 ಕಡಿಮೆ. ಹೊಸ ಗುಳಿಗೆಯಿಲ್ಲ, ಉಪ್ಪಿನ ಪೊಟ್ಟಣ ಬದಲಾಯಿತು, ಅಷ್ಟೆ.

ಒಬ್ಬೊಬ್ಬರ ಮಟ್ಟಿಗೆ ಈ ಲಾಭ ಅತ್ಯಲ್ಪ, ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಗುಳಿಗೆ ಇದಕ್ಕಿಂತ ಮೇಲು ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಹೆಚ್ಚು ಅಪಾಯದಲ್ಲಿರುವವನಿಗೆ ಗುಳಿಗೆ ಬೇಕೇಬೇಕು, ಅದನ್ನು ತೀರ್ಮಾನಿಸಲು ಅಂಕ ಬೇಕು. ಉಳಿದರ್ಧಕ್ಕೆ ಉತ್ತರ ಕೊಟ್ಟವರು ಬ್ರಿಟಿಷ್ ವೈದ್ಯ ಜೆಫ್ರಿ ರೋಸ್. 1980ರ ದಶಕದಲ್ಲಿ ಅವರು ತೋರಿಸಿದ್ದಿಷ್ಟು: ತೀವ್ರ ಅಪಾಯವುಳ್ಳವರು ಕೆಲವೇ ಮಂದಿ, ಮಧ್ಯಮ ಅಪಾಯವುಳ್ಳವರು ಅಸಂಖ್ಯ, ಆದ್ದರಿಂದ ಹೆಚ್ಚಿನ ಸಾವುಗಳು ಬರುವುದು ಎರಡನೆಯ ಗುಂಪಿನಿಂದಲೇ. ಅವರನ್ನು ಯಾವ ಅಂಕಪಟ್ಟಿಯೂ ಹೆಸರು ಹಿಡಿದು ಕರೆಯುವುದಿಲ್ಲ; ಅವರನ್ನು ತಲುಪಬೇಕಾದರೆ ಎಲ್ಲರ ಊಟವೂ ಬದಲಾಗಬೇಕು. ಫಿನ್ಲೆಂಡಿನ ಉತ್ತರ ಕರೇಲಿಯಾದಲ್ಲಿ 1972ರಿಂದ ಪೆಕ್ಕಾ ಪುಸ್ಕಾ ಹೈನುಗಾರರನ್ನೂ ಅಂಗಡಿಯವರನ್ನೂ ಗೃಹಿಣಿಯರನ್ನೂ ಜೊತೆಗಿಟ್ಟುಕೊಂಡು ಇಡೀ ಪ್ರಾಂತದ ಊಟ ಬದಲಿಸಿದರು. ಮುಂದಿನ ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗ ಸಾವು ಶೇಕಡಾ 80ಕ್ಕೂ ಹೆಚ್ಚು ಇಳಿಯಿತು. ಧೂಮಪಾನ ತಗ್ಗಿದ್ದಕ್ಕೂ ಚಿಕಿತ್ಸೆ ಸುಧಾರಿಸಿದ್ದಕ್ಕೂ ಅದರಲ್ಲಿ ಪಾಲಿದೆ. ನಮ್ಮಲ್ಲೂ ಅಂಥದೊಂದು ಹೆಜ್ಜೆ ಸದ್ದಿಲ್ಲದೆ ಆಗಿದೆ: ವನಸ್ಪತಿ, ಬೇಕರಿ ಕೊಬ್ಬಿನಲ್ಲಿ ಟ್ರಾನ್ಸ್ ಫ್ಯಾಟ್ ಶೇಕಡಾ 2 ಮೀರಬಾರದೆಂಬ ನಿಯಮ 2022ರಿಂದ ಜಾರಿಯಲ್ಲಿದೆ.

ಕನ್ನಡನಾಡಿನ ಊಟ ಬದಲಾಗಬೇಕಾದದ್ದು ಆಲಿವ್ ಎಣ್ಣೆಯ ಕಡೆಗಲ್ಲ. ಸೊಪ್ಪು, ಕಾಳು, ಮೊಳಕೆಯ ಪಲ್ಯ, ರಾಗಿ, ಕಡಲೆಕಾಯಿ, ಮೀನು ಇಲ್ಲೇ ಇವೆ. ಪಾಲಿಶ್ ಮಾಡಿದ ಅಕ್ಕಿಯ ರಾಶಿ ಅವನ್ನು ತಟ್ಟೆಯ ಅಂಚಿಗೆ ತಳ್ಳಿದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಿಪ್ಸ್ ಸೇರಿ ಉಪ್ಪು ದಿನಕ್ಕೆ 5 ಗ್ರಾಂ ಮಿತಿಯನ್ನು, ಅಂದರೆ ಸುಮಾರು ಒಂದು ಟೀ ಚಮಚವನ್ನು, ಸುಲಭವಾಗಿ ದಾಟುತ್ತದೆ. ಮೂವತ್ತು ದಾಟಿದವರು ಒಮ್ಮೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳಿ. ಮನೆಯಲ್ಲಿ ಬೇಗ ಹೃದಯಾಘಾತವಾದವರಿದ್ದರೆ ಅದನ್ನು ವೈದ್ಯರಿಗೆ ಹೇಳಿ. ಮೂತ್ರಪಿಂಡದ ತೊಂದರೆ ಇದ್ದವರು ಪೊಟ್ಯಾಸಿಯಂ ಉಪ್ಪನ್ನು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಸಾರಿಗೆ ಉಪ್ಪು ಕಡಿಮೆ ಹಾಕಲು ಮಾತ್ರ ಯಾವ ವರದಿಗೂ ಕಾಯಬೇಕಿಲ್ಲ.